ಹಳೆಯ ಸ್ಕ್ಯಾಂಡಿನೇವಿಯನ್ ಬ್ಲ್ಯಾಕ್ ಮೆಟಲ್ ಹಿಡಿಸಿದವರಿಗೆ: ಹೊಸ ಆಲ್ಬಮ್‌ಗಳಲ್ಲಿ ಯಾವುದನ್ನು ಆರಿಸಬೇಕು

1991ರಿಂದ 1996ರವರೆಗೆ ನಾರ್ವೆ ಮತ್ತು ಸ್ವೀಡನ್‌ಗಳಿಂದ ಬಂದ ಬ್ಲ್ಯಾಕ್ ಮೆಟಲ್ (ಅರಚು ಗಾಯನ, ಬಿರುಸಿನ ಡ್ರಮ್, ಒರಟು ಗಿಟಾರ್‌ನ ಹೆವಿ ಮೆಟಲ್ ಬಗೆ) ಕೇಳಿ ಮುಗಿಸಿ, ಅದೇ ಬಗೆಯ ಹೊಸದೇನಾದರೂ ಇದೆಯೇ ಎಂದು ಹುಡುಕಿದರೆ ಹೆಸರುಗಳ ಸಾಲೇ ಸಿಗುತ್ತದೆ. ಪ್ರತಿ ಆಲ್ಬಮ್‌ನ ವಿವರಣೆಯಲ್ಲೂ ‘ತೊಂಬತ್ತರ ದಶಕದ ನಾರ್ವೆಯ ಶೈಲಿ’ ಎಂದು ಬರೆದಿರುತ್ತದೆ. ಕೊಳ್ಳುವವರಿಗೆ ಈ ಮಾತಿನಿಂದ ಕಾಸಿನ ಪ್ರಯೋಜನವಿಲ್ಲ. ಆ ಕಾಲದ ಬ್ಲ್ಯಾಕ್ ಮೆಟಲ್‌ನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಕವಲುಗಳಿದ್ದವು. ಡಾರ್ಕ್‌ಥ್ರೋನ್ ಬ್ಯಾಂಡ್ ಇಷ್ಟಪಡುವವರ ಕೈಗೆ ಎಂಪರರ್ ಬ್ಯಾಂಡ್ ದಾರಿಯ ಆಲ್ಬಮ್ ಕೊಟ್ಟರೆ ಎರಡನೇ ಹಾಡಿಗೇ ನಿಲ್ಲಿಸುತ್ತಾರೆ. ಹಾಗಾಗಿ ನಿಮ್ಮ ಕಿವಿ ಯಾವ ಕವಲಿನದು ಎಂದು ಮೊದಲು ತಿಳಿದುಕೊಳ್ಳಿ. ಆಮೇಲೆ ಆಲ್ಬಮ್ ಆರಿಸುವುದು ಸುಲಭ.

ನಿಮ್ಮ ಕವಲು ಯಾವುದು?

ಮೊದಲನೆಯದು ಡಾರ್ಕ್‌ಥ್ರೋನ್ ದಾರಿ. ಓಸ್ಲೋ ಪಕ್ಕದ ಕೊಲ್‌ಬಾಟ್ನ್‌ನ ಈ ಬ್ಯಾಂಡ್ 1994ರಲ್ಲಿ ‘ಟ್ರಾನ್ಸಿಲ್ವೇನಿಯನ್ ಹಂಗರ್’ ತಂದಿತು. ಫೆನ್ರಿಜ್ ಎಲ್ಲ ವಾದ್ಯಗಳನ್ನೂ ತಾನೇ ನುಡಿಸಿ, ನಾಲ್ಕು ಟ್ರ್ಯಾಕ್‌ನ ಸಣ್ಣ ಯಂತ್ರದಲ್ಲಿ ರೆಕಾರ್ಡ್ ಮಾಡಿದ. ಗಾಯನ ಮಾತ್ರ ನಾಕ್ಟರ್ನೊ ಕುಲ್ಟೊನದು. ಅದರ ಶೀರ್ಷಿಕೆ ಹಾಡನ್ನು ಗಮನವಿಟ್ಟು ಕೇಳಿ. ಡ್ರಮ್ ಶುರುವಿನಲ್ಲಿ ಹಿಡಿದ ಬೀಟನ್ನು ಕೊನೆಯವರೆಗೂ ಹೆಚ್ಚುಕಡಿಮೆ ಬದಲಿಸುವುದಿಲ್ಲ. ಕೆಳಗಿನ ಸ್ವರ ಅಲುಗದೆ ನಿಂತಿರುವಾಗ ಗಿಟಾರ್‌ನ ಮೇಲಿನ ಸ್ವರ ಅರ್ಧ ಮೆಟ್ಟಿಲು, ಒಂದು ಮೆಟ್ಟಿಲು ಸರಿಯುತ್ತದೆ. ಹಾಡಿನ ಭಾವವೆಲ್ಲ ಆ ಚಿಕ್ಕ ಸರಿತದಲ್ಲಿದೆ. ಅದು ನಿಮ್ಮನ್ನು ಹಿಡಿದು ಕೂರಿಸಿದರೆ ನೀವು ಈ ಕವಲಿನವರು. ಏನೂ ನಡೆಯುತ್ತಿಲ್ಲ ಎನಿಸಿದರೆ ‘ರಾ ಬ್ಲ್ಯಾಕ್ ಮೆಟಲ್’ (ಬೇಕೆಂದೇ ಒರಟು ಧ್ವನಿಯಲ್ಲಿ ರೆಕಾರ್ಡ್ ಮಾಡಿದ್ದು) ಎಂಬ ಲೇಬಲ್ ಹೊತ್ತ ಹೊಸ ಆಲ್ಬಮ್‌ಗಳಿಗೆ ಹಣ ಹಾಕಬೇಡಿ.

ಎರಡನೆಯದು ಬರ್ಗೆನ್ ದಾರಿ. ಆ ಊರಿನ ಗ್ರೀಗ್‌ಹಾಲೆನ್ ಎಂಬ ದೊಡ್ಡ ಸಂಗೀತ ಸಭಾಂಗಣದಲ್ಲಿ ಪಿಟೆನ್ ಎಂದೇ ಹೆಸರಾದ ಐರಿಕ್ ಹುಂಡ್ವಿನ್ ಮೇಹೆಮ್, ಇಮ್ಮಾರ್ಟಲ್, ಎಂಪರರ್, ಎನ್‌ಸ್ಲೇವ್ಡ್ ಮುಂತಾದವರ ಆಲ್ಬಮ್‌ಗಳನ್ನು ರೆಕಾರ್ಡ್ ಮಾಡಿದರು. ಮೇಹೆಮ್‌ನ ‘ಡೆ ಮಿಸ್ಟೀರಿಸ್ ಡೋಮ್ ಸತಾನಸ್’ (1994) ಕೇಳಿದರೆ ಡ್ರಮ್ ಸುತ್ತ ಜಾಗವಿರುವುದು ಗೊತ್ತಾಗುತ್ತದೆ. ಏಟು ಬಿದ್ದ ಮೇಲೆ ಅದರ ಗುಂಗು ಸಭಾಂಗಣದಲ್ಲಿ ಹರಡುತ್ತದೆ. ಇದೇ ಕವಲಿನ ವೇಗದ ಕೊನೆ ಇಮ್ಮಾರ್ಟಲ್‌ನ ‘ಪ್ಯೂರ್ ಹಾಲೊಕಾಸ್ಟ್’ (1993). ಗಾಯಕ ಅಬ್ಬಾತ್ ತಾನೇ ಡ್ರಮ್ ಕೂಡ ಬಾರಿಸಿದ ಆಲ್ಬಮ್ ಅದು.

ಕೀಬೋರ್ಡ್ ತುಂಬಿದ, ಅರಮನೆ-ಕಾಡು-ಬೆಳದಿಂಗಳ ದಾರಿ ಮೂರನೆಯದು. ಎಂಪರರ್‌ನ ‘ಇನ್ ದ ನೈಟ್‌ಸೈಡ್ ಎಕ್ಲಿಪ್ಸ್’ (1994) ಅದರ ಮೂಲಗ್ರಂಥ. ನಾಲ್ಕನೆಯದು ಸ್ವೀಡನ್‌ನದು. ಬಾಥರಿ ಎಂಬತ್ತರ ದಶಕದಲ್ಲೇ ಹಾಕಿಕೊಟ್ಟ ಅಡಿಪಾಯದ ಮೇಲೆ ಡಿಸೆಕ್ಷನ್ 1995ರಲ್ಲಿ ‘ಸ್ಟಾರ್ಮ್ ಆಫ್ ದ ಲೈಟ್ಸ್ ಬೇನ್’ ಕಟ್ಟಿತು. ಅಲ್ಲಿ ಎರಡು ಗಿಟಾರ್‌ಗಳು ಜೋಡಿಯಾಗಿ ರಾಗ ನುಡಿಸುತ್ತವೆ, ಹೆವಿ ಮೆಟಲ್‌ನ ಸೊಲೊ ಬರುತ್ತದೆ, ನಡುನಡುವೆ ಅಕೂಸ್ಟಿಕ್ ಗಿಟಾರ್ ಕೇಳಿಸುತ್ತದೆ. ಐರನ್ ಮೇಡನ್ ಕೇಳಿ ಬೆಳೆದವರಿಗೆ ಇದೇ ಹತ್ತಿರದ ಬಾಗಿಲು.

ಒಂದು ಸಂಜೆ ಈ ನಾಲ್ಕೂ ಕಡೆಯಿಂದ ಒಂದೊಂದು ಹಾಡು ಕೇಳಿ. ಯಾವುದನ್ನು ಮತ್ತೆ ಹಾಕಬೇಕೆನಿಸಿತು ಎಂಬುದೇ ಉತ್ತರ.

ಡಾರ್ಕ್‌ಥ್ರೋನ್, ಗೊರ್ಗೊರೋತ್ ಕಿವಿಯವರಿಗೆ: ಸ್ಪೆಕ್ಟ್ರಲ್ ವೂಂಡ್, ‘ಎ ಡಯಬಾಲಿಕ್ ಥರ್ಸ್ಟ್’ (2021)

ಇದು ಕೆನಡಾದ ಮಾಂಟ್ರಿಯಾಲ್‌ನ ಬ್ಯಾಂಡ್. ಪ್ರೊಫೌಂಡ್ ಲೋರ್ ಸಂಸ್ಥೆ ಹೊರತಂದ ಈ ಆಲ್ಬಮ್‌ನಲ್ಲಿ ಆರೇ ಹಾಡು. ಊರು ನೋಡಿ ಅನುಮಾನ ಪಡಬೇಡಿ. ಹಳೆಯ ಶೈಲಿಯನ್ನು ಇಷ್ಟು ಚೆನ್ನಾಗಿ ಅರಗಿಸಿಕೊಂಡ ಆಲ್ಬಮ್ ಆ ವರ್ಷಗಳಲ್ಲಿ ಸ್ಕ್ಯಾಂಡಿನೇವಿಯಾದಿಂದಲೂ ಹೆಚ್ಚು ಬರಲಿಲ್ಲ.

ಗೆದ್ದಿರುವುದು ಅಳತೆಯಲ್ಲಿ. ಗಿಟಾರ್ ಒರಟಾಗಿದೆ, ಆದರೆ ಪ್ರತಿ ಸ್ವರ ಕೇಳಿಸುತ್ತದೆ. ಬೇಸ್ ಹಿಂದೆಲ್ಲೋ ಕಳೆದುಹೋಗಿಲ್ಲ. ಡ್ರಮ್ ಮನುಷ್ಯ ಬಾರಿಸಿದಂತೆಯೇ ಇದೆ. ಏಟುಗಳ ತೂಕ ಹೆಚ್ಚುಕಡಿಮೆಯಾಗುತ್ತದೆ. ಮೊದಲ ಹಾಡು ‘ಇಂಪೀರಿಯಲ್ ಸೇಜೋನ್ ನ್ವಾರ್’ ಪೀಠಿಕೆಯ ಗೊಡವೆಗೆ ಹೋಗದೆ ನೇರ ಪೂರ್ತಿ ವೇಗಕ್ಕೆ ಏರುತ್ತದೆ. ಆ ವೇಗದ ಮೇಲೆ ತೇಲುವ ರಾಗದಲ್ಲಿ ದುಃಖವಿದೆ. ಸಿಟ್ಟು ಮತ್ತು ಶೋಕ ಒಂದೇ ರಿಫ್‌ನಲ್ಲಿ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನಲ್ಲಿ) ಕೂಡುವುದು ಈ ಪ್ರಕಾರದ ಅತ್ಯಂತ ಕಷ್ಟದ ಕೆಲಸ. ಇವರಿಗೆ ಅದು ಸಿದ್ಧಿಸಿದೆ.

ಕೊರತೆಯೂ ಉಂಟು. ಆರು ಹಾಡುಗಳ ಬಣ್ಣ ಹೆಚ್ಚು ಬದಲಾಗುವುದಿಲ್ಲ. ವೈವಿಧ್ಯ ಬೇಕೆನ್ನುವವರಿಗೆ ನಾಲ್ಕನೇ ಹಾಡಿನ ಹೊತ್ತಿಗೆ ಆಯಾಸವಾಗಬಹುದು. ಅಂಥವರು ಮೊದಲು ಮೂರು ಹಾಡು, ಇನ್ನೊಂದು ದಿನ ಉಳಿದ ಮೂರು ಎಂದು ಕೇಳಲಿ. ಎಲ್‌ಪಿಯ ಎರಡು ಬದಿಗಳಿಗೆ ಹೊಂದುವ ಕ್ರಮವೂ ಅದೇ.

ನಾರ್ವೆಯದೇ ಬೇಕು ಎನ್ನುವವರಿಗೆ ಟ್ರಾನ್‌ಹೈಮ್‌ನ ಹೋರ್ಡಮ್ ರೈಫ್ ಇದೆ. ಒಬ್ಬ ವಾದ್ಯಗಳಿಗೆ, ಇನ್ನೊಬ್ಬ ಗಾಯನಕ್ಕೆ, ಇಬ್ಬರದೇ ಬ್ಯಾಂಡ್. ‘ಡೊಮ್ಮೆಡಾಗ್ಸ್‌ಕ್ವಾಡ್’ (2017) ಇದಕ್ಕಿಂತ ಕೊಂಚ ದಪ್ಪ ಧ್ವನಿಯದು, ಗಂಭೀರವಾದದ್ದು.

ಇಮ್ಮಾರ್ಟಲ್ ಕಿವಿಯವರಿಗೆ ಎರಡು ದಾರಿ

ಇಲ್ಲಿ ಆಯ್ಕೆ ನಿಜವಾಗಿ ಕಷ್ಟ. ಹಾಗಾಗಿ ಕೊಂಚ ವಿವರವಾಗಿ ನೋಡೋಣ.

ಒಂದು, ಇಮ್ಮಾರ್ಟಲ್ ಬ್ಯಾಂಡ್‌ನದೇ ‘ನಾರ್ದರ್ನ್ ಕೇಯಾಸ್ ಗಾಡ್ಸ್’ (ಜುಲೈ 2018). ಎಂಟು ಹಾಡು, ಸುಮಾರು 42 ನಿಮಿಷ. ಅದಕ್ಕೂ ಹಿಂದಿನ ಆಲ್ಬಮ್ 2009ರದು. ನಡುವೆ ಅಬ್ಬಾತ್ ಬ್ಯಾಂಡ್ ಬಿಟ್ಟಿದ್ದರು. ಸ್ಥಾಪಕ ಗಿಟಾರ್ ವಾದಕ ಡೆಮೊನಾಜ್ 1997ರಲ್ಲಿ ಕೈಯ ಸ್ನಾಯುರಜ್ಜು ಉರಿಯೂತದಿಂದ ಗಿಟಾರ್ ಕೆಳಗಿಟ್ಟು, ವರ್ಷಗಟ್ಟಲೆ ಸಾಹಿತ್ಯವನ್ನಷ್ಟೇ ಬರೆಯುತ್ತಿದ್ದರು. ಈ ಆಲ್ಬಮ್‌ನಲ್ಲಿ ಅವರು ಗಿಟಾರಿಗೂ ಮರಳಿದರು, ಗಾಯನವನ್ನೂ ಕೈಗೆತ್ತಿಕೊಂಡರು. ಡ್ರಮ್ ಹೋರ್ಗ್, ಬೇಸ್ ಮತ್ತು ಮಿಕ್ಸಿಂಗ್ ಸ್ವೀಡನ್‌ನ ಪೀಟರ್ ಟ್ಯಾಗ್ಟ್‌ಗ್ರೆನ್.

ಇದರ ರಿಫ್‌ಗಳಲ್ಲಿ ಥ್ರ್ಯಾಶ್ ಎಂಬ ವೇಗದ ಹೆವಿ ಮೆಟಲ್‌ನ ಎಲುಬಿದೆ. ಅಂಗೈ ಅಂಚಿನಿಂದ ತಂತಿ ಒತ್ತಿ ಕತ್ತರಿಸಿದಂತೆ ನುಡಿಸುವ ಭಾಗಗಳು ಬಹಳ. ಸ್ಲೇಯರ್, ಕ್ರಿಯೇಟರ್ ಕೇಳುವವರು ಬ್ಲ್ಯಾಕ್ ಮೆಟಲ್‌ಗೆ ಕಾಲಿಡಲು ಇದಕ್ಕಿಂತ ಸಲೀಸಾದ ಆಲ್ಬಮ್ ಹೆಸರಿಸುವುದು ಕಷ್ಟ. ಶೀರ್ಷಿಕೆ ಹಾಡಿನಿಂದ ತೊಡಗಿ, ಬೇಗ ದಣಿದರೆ ಮೂರನೆಯ ‘ಗೇಟ್ಸ್ ಟು ಬ್ಲಾಶಿರ್ಕ್’‌ಗೆ ಹೋಗಿ. ಅಲ್ಲಿ ನಡಿಗೆ ನಿಧಾನವಾಗುತ್ತದೆ. ಕೊನೆಯ ‘ಮೈಟಿ ರೇವನ್‌ಡಾರ್ಕ್’ ಒಂಬತ್ತು ನಿಮಿಷ ದಾಟುತ್ತದೆ. ಆಲ್ಬಮ್ ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಅದೊಂದೇ ಹಾಡು ಸಾಕು.

ಧ್ವನಿ ಮಾತ್ರ ಪೂರ್ತಿ ಇಂದಿನದು: ದಪ್ಪ, ಶುಭ್ರ, ಜೋರು. ‘ಪ್ಯೂರ್ ಹಾಲೊಕಾಸ್ಟ್’‌ನ ಮಂಜುಮಂಜಾದ ಗದ್ದಲ ಬಯಸಿ ಬಂದವರಿಗೆ ಇದು ತೀರಾ ನೀಟಾಗಿ ಕೇಳಿಸುತ್ತದೆ. ಇಲ್ಲಿ ನೆನಪಿನಲ್ಲಿಡಬೇಕಾದ್ದೆಂದರೆ, ಇಮ್ಮಾರ್ಟಲ್ 1999ರ ‘ಅಟ್ ದ ಹಾರ್ಟ್ ಆಫ್ ವಿಂಟರ್’‌ನಲ್ಲೇ ಟ್ಯಾಗ್ಟ್‌ಗ್ರೆನ್ ಜೊತೆ ಈ ಶುಭ್ರ ಧ್ವನಿಗೆ ಹೊರಳಿತ್ತು. ಅದು ಹಿಡಿಸಿದವರಿಗೆ ಇದೂ ಹಿಡಿಸುತ್ತದೆ.

ಎರಡು, ಲ್ಯಾಂಪ್ ಆಫ್ ಮರ್ಮರ್‌ನ ‘ಸ್ಯಾಟರ್ನಿಯನ್ ಬ್ಲಡ್‌ಸ್ಟಾರ್ಮ್’ (2023). ಅಮೆರಿಕದ ಏಕವ್ಯಕ್ತಿ ಯೋಜನೆ. ಇದರ ಮೊದಲ ಕೆಲಸಗಳು ಮಸುಕು ಧ್ವನಿಯ ರಾ ಬ್ಲ್ಯಾಕ್ ಮೆಟಲ್. ‘ಸಬ್‌ಮಿಶನ್ ಆ್ಯಂಡ್ ಸ್ಲೇವರಿ’ (2021)ಯಲ್ಲಿ ಗಾಥಿಕ್ ರಾಕ್ ಕೂಡಿಕೊಂಡಿತ್ತು. ಇಲ್ಲಿ ಅದೆಲ್ಲ ಬಿಟ್ಟು ನೇರ ಇಮ್ಮಾರ್ಟಲ್ ಕಡೆಗೆ ತಿರುಗಿದೆ. ಗಾಯನದ ಕಪ್ಪೆಗೊರಲಿನ ಒರಟು, ಓಟದ ನಡುವೆ ತಟ್ಟನೆ ತೆರೆದುಕೊಳ್ಳುವ ವೀರರಸದ ರಿಫ್, ಹಾಡುಗಳ ಹೆಸರಲ್ಲಿನ ಚಳಿಗಾಲ: ಎಲ್ಲಿಂದ ಬಂದದ್ದೆಂದು ಮುಚ್ಚಿಟ್ಟಿಲ್ಲ.

ಹಾಗಾದರೆ ಮೂಲ ಬ್ಯಾಂಡ್ ಇರುವಾಗ ಇದೇಕೆ? ಇಲ್ಲಿ ಗಿಟಾರ್ ರಾಗಗಳು ಹೆಚ್ಚು ಧಾರಾಳ, ಪ್ರತಿಧ್ವನಿ ಹೆಚ್ಚು, ಭಾವವೂ ಹೆಚ್ಚು ಬಿಸಿ. ‘ಸೀಲ್ ಆಫ್ ದ ಡಾಮಿನೇಟರ್’ ಮತ್ತು ಇಮ್ಮಾರ್ಟಲ್‌ನ ‘ಇನ್‌ಟು ಬ್ಯಾಟಲ್ ರೈಡ್’ ಎರಡನ್ನೂ ಬೆನ್ನುಬೆನ್ನಿಗೆ ಹಾಕಿ ನೋಡಿ. ಇಮ್ಮಾರ್ಟಲ್‌ನಲ್ಲಿ ನಿಮ್ಮ ಕಿವಿ ಬಲಗೈಯ ಲಯಕ್ಕೆ ಅಂಟುತ್ತದೆ. ಇಲ್ಲಿ ಎಡಗೈಯ ರಾಗಕ್ಕೆ. ಹಾಡು ಮುಗಿದ ಮೇಲೆ ಗುನುಗಲು ಬಾಯಿಗೆ ಬರುವುದು ಯಾವುದೋ ಅದನ್ನು ಕೊಳ್ಳಿ. ಹೊಸತನವೇ ಮುಖ್ಯ ಎನ್ನುವವರು ಮಾತ್ರ ಇದನ್ನು ಬಿಡಬಹುದು. ಅನುಕರಣೆಯ ಗೆರೆ ಕೆಲವೆಡೆ ತೀರಾ ಎದ್ದು ಕಾಣುತ್ತದೆ.

ಬರೀ ವೇಗ ಬೇಕಾದವರಿಗೆ 1349 ಬ್ಯಾಂಡ್‌ನ ‘ಹೆಲ್‌ಫೈರ್’ (2005). ಸಾಟಿರಿಕಾನ್‌ನ ಫ್ರಾಸ್ಟ್ ಇದರ ಡ್ರಮ್ ವಾದಕ. ಕೊನೆಯ ಹಾಡು ಬ್ಯಾಂಡ್‌ನ ಹೆಸರಿಗೆ ಸರಿಯಾಗಿ 13 ನಿಮಿಷ 49 ಸೆಕೆಂಡ್ ಇದೆ. ಇದು ಮೊದಲ ಆಲ್ಬಮ್ ಆಗಿ ಕೊಳ್ಳುವಂಥದ್ದಲ್ಲ.

ಬರ್ಗೆನ್‌ನ ಮಣ್ಣು ಬೇಕೆಂದರೆ: ತೋಕೆ, ‘ನೋರೆಗ್ಸ್ ವೋಪೆನ್’ (2011)

ಏಳು ಹಾಡು, ಸಾಹಿತ್ಯ ನಾರ್ವೇಜಿಯನ್‌ನಲ್ಲಿ. ನಾಕ್ಟರ್ನೊ ಕುಲ್ಟೊ, ಮೇಹೆಮ್‌ನ ಅಟಿಲಾ ಚಿಹಾರ್ ಅತಿಥಿಗಳಾಗಿ ಹಾಡಿದ್ದಾರೆ. ಈ ಪಟ್ಟಿಯಲ್ಲಿ ಅತ್ಯಂತ ವೈವಿಧ್ಯದ ಆಲ್ಬಮ್ ಇದೇ. ಟ್ರೆಮೊಲೊ (ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುವ) ರಿಫ್ ಓಡುತ್ತಿರುವಾಗಲೇ ಹಳೆ ರಾಕ್ ಅಂಡ್ ರೋಲ್‌ನ ತೂಗಾಟ ನುಗ್ಗುತ್ತದೆ. ‘ಮೀರ್’ ಹಾಡಿನಲ್ಲಿ ಬ್ಯಾಂಜೊ ಸೊಲೊ ಬರುತ್ತದೆ. ಬರವಣಿಗೆಯಲ್ಲಿ ಓದಿದರೆ ವಿಚಿತ್ರ ಎನಿಸುವ ಆ ಬ್ಯಾಂಜೊ ಹಾಡಿನೊಳಗೆ ಸರಾಗವಾಗಿ ಕೂರುತ್ತದೆ. ಬ್ಯಾಂಜೊದಲ್ಲೂ ತಂತಿಗಳನ್ನು ಬಿಡುವಿಲ್ಲದೆ ಮೀಟಿ ಸ್ವರ ಹಿಗ್ಗಿಸುವುದರಿಂದ ಟ್ರೆಮೊಲೊ ಗಿಟಾರ್‌ನ ಜಾಗ ಅದಕ್ಕೆ ಹೊಂದುತ್ತದೆ.

ತಮ್ಮ ನುಡಿಯಲ್ಲೇ ಹಾಡಿದರೆ ಈ ಸಂಗೀತಕ್ಕೆ ಎಂಥ ಗಟ್ಟಿತನ ಬರುತ್ತದೆ ಎಂಬುದಕ್ಕೂ ಇದು ಒಳ್ಳೆಯ ಪುರಾವೆ. ಸೋದರ ಪ್ರಕಾರವಾದ ಡೆತ್ ಮೆಟಲ್ ಕಡೆಯಿಂದ ಬೆಂಗಳೂರಿನ ದ್ವೇಷ ಬ್ಯಾಂಡ್ ಕನ್ನಡದಲ್ಲಿ ಹಾಡಿ 2014ರಲ್ಲಿ ‘ಸ್ತೂಪ’ ತಂದದ್ದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಳ್ಳುವ ಮುನ್ನ ಒಂದು ವಿಷಯ ತಿಳಿದಿರಲಿ. ತೋಕೆಯ ಮುಖ್ಯ ಗಾಯಕ 2007ರಲ್ಲಿ ಜರ್ಮನಿಯ ಎಸ್ಸೆನ್ ಊರಿನ ಸಂಗೀತ ಕಛೇರಿಯಲ್ಲಿ ಎದೆಯ ಮೇಲೆ ನಾಜಿ ಚಿಹ್ನೆ ಬರೆದುಕೊಂಡು ವೇದಿಕೆಗೆ ಬಂದದ್ದು ದೊಡ್ಡ ವಿವಾದವಾಯಿತು. ಈ ಆಲ್ಬಮ್‌ನ ‘ಓರ್ಕಾನ್’ ಹಾಡಿನ ಸಾಲುಗಳೂ ಟೀಕೆಗೆ ಗುರಿಯಾದವು. ಸಂಗೀತ ಎಷ್ಟೇ ಚೆನ್ನಾಗಿದ್ದರೂ ಇದು ಬೇಡ ಎನ್ನುವವರ ನಿಲುವು ನ್ಯಾಯವಾದದ್ದೇ. ಇಡೀ ಪ್ರಕಾರದಲ್ಲಿ ಇಂಥ ಇತಿಹಾಸ ಸಾಕಷ್ಟಿದೆ: ಚರ್ಚ್‌ಗಳಿಗೆ ಬೆಂಕಿ, 1993ರಲ್ಲಿ ಮೇಹೆಮ್‌ನ ಯೂರೊನಿಮಸ್ ಕೊಲೆ, ಆ ಕೊಲೆ ಮತ್ತು ಕೆಲವು ಚರ್ಚ್‌ಗಳಿಗೆ ಬೆಂಕಿ ಇಟ್ಟದ್ದಕ್ಕಾಗಿ ಬರ್ಜಮ್‌ ಎಂಬ ಏಕವ್ಯಕ್ತಿ ಬ್ಯಾಂಡ್‌ನ ವಾರ್ಗ್ ವಿಕರ್ನೆಸ್‌ಗೆ 21 ವರ್ಷದ ಶಿಕ್ಷೆ. ಹೊಸ ಬ್ಯಾಂಡ್‌ಗೆ ದುಡ್ಡು ಕೊಡುವ ಮುನ್ನ ಅದರ ಸದಸ್ಯರ ಹಿನ್ನೆಲೆ, ಆಲ್ಬಮ್ ತಂದ ಸಂಸ್ಥೆ ಇನ್ನಾರನ್ನು ಪ್ರಕಟಿಸಿದೆ ಎಂಬುದನ್ನು ನೋಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಖರ್ಚು ಮಾಡಿ.

ಸ್ವೀಡನ್ ಕವಲಿಗೆ: ವಾಟೈನ್, ‘ಟ್ರೈಡೆಂಟ್ ವುಲ್ಫ್ ಎಕ್ಲಿಪ್ಸ್’ (2018)

ಉಪ್ಸಾಲಾದ ವಾಟೈನ್ ಡಿಸೆಕ್ಷನ್ ಹಾದಿಯ ಬ್ಯಾಂಡ್‌ಗಳಲ್ಲಿ ಹೆಚ್ಚು ಹೆಸರು ಮಾಡಿದ್ದು. ಮೊದಲು ಇವರ ಯಾವ ಆಲ್ಬಮ್ ಎಂಬ ಪ್ರಶ್ನೆಗೆ ಅವಧಿಯೇ ಉತ್ತರ. 2010ರ ‘ಲಾಲೆಸ್ ಡಾರ್ಕ್‌ನೆಸ್’ 70 ನಿಮಿಷ ಮೀರುತ್ತದೆ. ಒಳ್ಳೆಯ ಆಲ್ಬಮ್, ಆದರೆ ಮೊದಲ ಬಾರಿಗೆ ಭಾರ. 2013ರ ‘ದ ವೈಲ್ಡ್ ಹಂಟ್’‌ನಲ್ಲಿ ‘ದೇ ರೋಡ್ ಆನ್’ ಎಂಬ ಉದ್ದನೆಯ ನಿಧಾನ ಹಾಡಿದೆ, ಅರಚಾಟವಿಲ್ಲದ ತಿಳಿಗೊರಲಿನಲ್ಲಿ. ಹಳೆಯ ಅಭಿಮಾನಿಗಳಲ್ಲಿ ಅದು ಜಗಳವನ್ನೇ ಹಚ್ಚಿತು. ‘ಟ್ರೈಡೆಂಟ್ ವುಲ್ಫ್ ಎಕ್ಲಿಪ್ಸ್’‌ನಲ್ಲಿ ಎಂಟು ಹಾಡು, ಸುಮಾರು 35 ನಿಮಿಷ. ‘ನ್ಯೂಕ್ಲಿಯರ್ ಆಲ್ಕೆಮಿ’ ಮೂರೂವರೆ ನಿಮಿಷದೊಳಗೆ ಮುಗಿದು, ಬ್ಯಾಂಡ್ ಏನೆಂದು ಪೂರ್ತಿ ಹೇಳಿಬಿಡುತ್ತದೆ. ನಿಧಾನದ ಅಂದಕ್ಕೆ ‘ಎ ಥ್ರೋನ್ ಬಿಲೋ’ ಕೇಳಿ.

ನಿಮಗೆ ಬೇಕಿರುವುದು ಬೆಂಕಿಯಲ್ಲ, ಡಿಸೆಕ್ಷನ್‌ನ ಜೋಡಿ ಗಿಟಾರ್ ರಾಗವಷ್ಟೇ ಎಂದಾದರೆ ಜರ್ಮನಿಯ ತುಲ್ಕಾಂಡ್ರಾ ಹುಡುಕಿ. ‘ಅಂಡರ್ ಎ ಫ್ರೋಜನ್ ಸನ್’ (2011) ಆ ಧ್ವನಿಯನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿ ಕೊಡುತ್ತದೆ.

ಕೀಬೋರ್ಡ್ ಬೇಕೆಂದರೆ: ಸ್ಟಾರ್ಮ್‌ಕೀಪ್, ‘ಟೇಲ್ಸ್ ಆಫ್ ಅದರ್‌ಟೈಮ್’ (2021)

ಡೆನ್ವರ್‌ನ ಬ್ಯಾಂಡ್, ವೇಫೇರರ್, ಬ್ಲಡ್ ಇಂಕ್ಯಾಂಟೇಶನ್ ಬ್ಯಾಂಡ್‌ಗಳ ನಂಟಿನವರು ಇದರಲ್ಲಿದ್ದಾರೆ. ಎಂಪರರ್ ಮತ್ತು ಮೊದಲ ದಿನಗಳ ಡಿಮ್ಮು ಬೋರ್ಗಿರ್ ಹಿಡಿಸಿದವರಿಗೆ. ಕೋಟೆ, ಡ್ರ್ಯಾಗನ್, ಮಾಂತ್ರಿಕರ ಕಾಲ್ಪನಿಕ ಲೋಕ. ನಡುವೆ ಬರಿ ಸಿಂಥ್‌ನ (ಸಿಂಥಸೈಜರ್ ಕೀಬೋರ್ಡ್‌ನ) ತುಣುಕುಗಳು. ಉದ್ದ ಹಾಡುಗಳ ಆಲ್ಬಮ್ ಇದು. ಒಂದೇ ಕೂತಿನಲ್ಲಿ ಕೇಳಿದರೆ ಮಾತ್ರ ಕೈಗೆ ಸಿಗುತ್ತದೆ. ಕೀಬೋರ್ಡ್ ಎಂದರೆ ಮುಖ ಸಿಂಡರಿಸುವವರು ಸುಮ್ಮನೆ ದಾಟಿಹೋಗಿ.

ಕೇಳುವಾಗ ಎಡವುವುದು ಎಲ್ಲಿ

‘ಎಲ್ಲ ಹಾಡೂ ಒಂದೇ ಥರ’ ಎಂಬ ದೂರಿಗೆ ಬಹಳ ಸಲ ಆಲ್ಬಮ್ ಹೊಣೆಯಲ್ಲ. ಕಿವಿ ಅಭ್ಯಾಸಬಲದಿಂದ ಗಾಯನವನ್ನು ಹಿಂಬಾಲಿಸುತ್ತದೆ. ಈ ಸಂಗೀತದಲ್ಲಿ ಗಾಯನ ಏರಿಳಿತವಿಲ್ಲದ ಒಂದು ಬಣ್ಣ; ರಾಗ ಇರುವುದು ಗಿಟಾರ್‌ನ ಮೇಲಿನ ಸ್ವರದಲ್ಲಿ. ಮೊದಲ ಸಲ ಆ ಸ್ವರವೊಂದನ್ನೇ ಹಿಡಿದು ಹಾಡು ಮುಗಿಸಿ. ಎರಡನೇ ಸಲ ಡ್ರಮ್: ಬ್ಲಾಸ್ಟ್ ಬೀಟ್ (ಬಿಡುವಿಲ್ಲದ ಅತಿ ವೇಗದ ಡ್ರಮ್ ಏಟು) ಎಲ್ಲಿ ಸಡಿಲಿ ಅರ್ಧ ವೇಗಕ್ಕೆ ಇಳಿಯುತ್ತದೆ ಎಂದು ಗುರುತಿಸಿ. ರಿಫ್ ಅದೇ ಇದ್ದು ಬೀಟ್ ಮಾತ್ರ ಇಳಿದಾಗ ಅದೇ ರಾಗ ಎರಡರಷ್ಟು ದೊಡ್ಡದಾಗಿ ಕೇಳಿಸುತ್ತದೆ. ಈ ಪ್ರಕಾರದ ದೊಡ್ಡ ಗುಟ್ಟು ಅದು. ಸಾಹಿತ್ಯ ಮೂರನೇ ಸಲಕ್ಕಿರಲಿ.

ಫೈಲ್ ಗುಣಮಟ್ಟ ಇಲ್ಲಿ ಬೇರೆ ಸಂಗೀತಕ್ಕಿಂತ ಹೆಚ್ಚು ಮುಖ್ಯ. ಸಿಂಬಲ್ ಮತ್ತು ಟ್ರೆಮೊಲೊ ಗಿಟಾರ್ ಸೇರಿ ಮೇಲಿನ ಕಂಪನಗಳಲ್ಲಿ ಕ್ಷಣವೂ ಬಿಡದೆ ತುಂಬಿರುತ್ತವೆ. ಎಂಪಿ3 ಕಡತ ಚಿಕ್ಕದಾಗುವುದು ಕಿವಿಗೆ ಎದ್ದು ಕೇಳಿಸದ ವಿವರಗಳನ್ನು ಬಿಟ್ಟುಹಾಕುವುದರಿಂದ. ಇಲ್ಲಿ ಬಿಡಲು ಹೆಚ್ಚೇನೂ ಇಲ್ಲ. ಅದಕ್ಕೇ 128 ಕೆಬಿಪಿಎಸ್‌ನಲ್ಲಿ ಸಿಂಬಲ್‌ಗಳು ನೀರೊಳಗಿಂದ ಬಂದಂತೆ ಸುಳಿಸುಳಿಯಾಗಿ ಕೇಳಿಸುತ್ತವೆ. ‘ಕೆಟ್ಟ ರೆಕಾರ್ಡಿಂಗ್’ ಎಂದು ಬಯ್ಯುವ ಮೊದಲು ಆ್ಯಪ್‌ನ ಸೆಟ್ಟಿಂಗ್ ನೋಡಿ, 256 ಅಥವಾ 320ಕ್ಕೆ ಏರಿಸಿ. ಯಾವ ವಿವರವನ್ನೂ ಬಿಡದ ಫ್ಲ್ಯಾಕ್ ಕಡತ ಇದ್ದರೆ ಇನ್ನೂ ಒಳ್ಳೆಯದು. ಅಗ್ಗದ ಬ್ಲೂಟೂತ್ ಇಯರ್‌ಫೋನ್‌ನಲ್ಲೂ ಇದೇ ತೊಂದರೆ ಬರುತ್ತದೆ. ತಂತಿಯ ಹೆಡ್‌ಫೋನ್ ಹಾಕಿ ಹೋಲಿಸಿ ನೋಡಿ.

ಬೇಸ್ ಬೂಸ್ಟ್ ತೆಗೆದುಬಿಡಿ. ಡಬಲ್ ಬೇಸ್ ಡ್ರಮ್ ಓಡುತ್ತಿರುವಾಗ ಕೆಳಕಂಪನ ಏರಿಸಿದರೆ ಏಟುಗಳು ಒಂದಕ್ಕೊಂದು ಅಂಟಿ ಗುಡುಗುಡು ಎಂಬ ಒಂದೇ ಸದ್ದಾಗುತ್ತದೆ, ಗಿಟಾರ್ ಅದರಡಿ ಹೂತುಹೋಗುತ್ತದೆ. ಕಿವಿ ಚುಚ್ಚಿದಂತಾದರೆ 3ರಿಂದ 5 ಕಿಲೊಹರ್ಟ್ಜ್ ನಡುವೆ 2–3 ಡೆಸಿಬಲ್ ತಗ್ಗಿಸಿ. ಅದಕ್ಕಿಂತ ಹೆಚ್ಚು ಇಳಿಸಿದರೆ ಗಿಟಾರ್‌ನ ಹಲ್ಲೇ ಹೋಗುತ್ತದೆ. ಜೋರಾಗಿ ಕೇಳಿದರೇ ಸೊಗಸು ಎಂಬುದೂ ಸರಿಯಲ್ಲ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಶಬ್ದ ಏರಿದಂತೆ ಸುರಕ್ಷಿತ ಸಮಯ ಬೇಗ ಬೇಗ ಕುಗ್ಗುತ್ತದೆ.

ಶಫಲ್ ಹಾಕಬೇಡಿ. ಸ್ಟಾರ್ಮ್‌ಕೀಪ್‌ನ ಸಿಂಥ್ ತುಣುಕೊಂದು ವಾಟೈನ್ ಹಾಡುಗಳ ನಡುವೆ ಬಂದರೆ ಎರಡೂ ಹಾಳು.

ಯಾವ ರೂಪದಲ್ಲಿ ಕೊಳ್ಳುವುದು

ಭಾರತದಲ್ಲಿರುವವರಿಗೆ ಬ್ಯಾಂಡ್‌ಕ್ಯಾಂಪ್ ಎಂಬ ಆನ್‌ಲೈನ್ ಸಂಗೀತ ಅಂಗಡಿಯ ಡಿಜಿಟಲ್ ಡೌನ್‌ಲೋಡ್ ಎಲ್ಲಕ್ಕಿಂತ ಸರಳ. ಫ್ಲ್ಯಾಕ್ ಸಿಗುತ್ತದೆ, ಹಣದ ಹೆಚ್ಚು ಪಾಲು ಬ್ಯಾಂಡ್ ಅಥವಾ ಪ್ರಕಾಶಕರಿಗೆ ಸೇರುತ್ತದೆ. ಆದರೆ ದೊಡ್ಡ ಸಂಸ್ಥೆಗಳ ಎಲ್ಲ ಆಲ್ಬಮ್ ಅಲ್ಲಿರುವುದಿಲ್ಲ. ಸಿ.ಡಿ. ಹಗುರ, ಅಂಚೆಯಲ್ಲಿ ಬರುವಾಗ ಒಡೆಯುವುದು ಹೆಚ್ಚೆಂದರೆ ಹೊರಗಿನ ಪ್ಲಾಸ್ಟಿಕ್ ಡಬ್ಬಿ. ಎಲ್‌ಪಿ ವಿದೇಶದಿಂದ ತರಿಸಿದರೆ ಸಾಗಣೆ ವೆಚ್ಚ ಡಿಸ್ಕಿನ ಬೆಲೆಯನ್ನೇ ಮುಟ್ಟಬಹುದು, ಮೇಲೆ ಕಸ್ಟಮ್ಸ್ ಸುಂಕ. ನಾಲ್ಕೈದು ಜನ ಸೇರಿ ಒಂದೇ ಪಾರ್ಸೆಲ್ ತರಿಸಿದರೆ ತಲಾ ಖರ್ಚು ಇಳಿಯುತ್ತದೆ. ಆರ್ಡರ್ ಕೊಡುವಾಗ ಡಿಸ್ಕನ್ನು ಕವರ್‌ನಿಂದ ಹೊರಗಿಟ್ಟು ಕಳಿಸಿ ಎಂದು ಕೇಳಿಕೊಳ್ಳಿ. ಒಳಗೇ ಇದ್ದರೆ ದಾರಿಯ ಕುಲುಕಾಟಕ್ಕೆ ಡಿಸ್ಕಿನ ಅಂಚು ಕವರ್‌ನ ಹೊಲಿಗೆ ಸೀಳುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮೊದಲು ಕಾಗದದ ಒಳಚೀಲ ಬದಲಿಸಿ ಪ್ಲಾಸ್ಟಿಕ್ ಪೊರೆಯದು ಹಾಕಿ. ಕಾಗದ ತೇವ ಹೀರಿ ಬೂಷ್ಟು ಹಿಡಿದರೆ ಅದು ಗೀರುಗಳಿಗೂ ಇಳಿಯುತ್ತದೆ, ಆಮೇಲೆ ಎಷ್ಟು ಒರೆಸಿದರೂ ಚಟಪಟ ಸದ್ದು ಪೂರ್ತಿ ಹೋಗುವುದಿಲ್ಲ.

ಕ್ಯಾಸೆಟ್ ಬಗ್ಗೆ ಒಂದು ಮಾತು: ಈ ಪ್ರಕಾರದಲ್ಲಿ ಅದಕ್ಕೆ ಇಂದಿಗೂ ಗೌರವವಿದೆ, ಲ್ಯಾಂಪ್ ಆಫ್ ಮರ್ಮರ್ ಥರದ ಯೋಜನೆಗಳು ಬೆಳೆದದ್ದೇ ಅದರ ಮೇಲೆ. ಆದರೆ ಹಳೆಯ ಪ್ಲೇಯರ್‌ನ ಬೆಲ್ಟ್ ಸಡಿಲವಾಗಿದ್ದರೆ ವೇಗ ತೂರಾಡಿ ಟ್ರೆಮೊಲೊ ರಾಗ ಅಪಸ್ವರವಾಗುತ್ತದೆ. ಮೊದಲು ಬೆಲ್ಟ್ ಬದಲಿಸಿ, ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಕ್ಯಾಸೆಟ್ ಕೊಳ್ಳಿ.